ಬೇರೆ ಒಲೆ ಹೂಡಿದವರು

ನಾನು ಕನ್ನಡದಲ್ಲಿ ಬರೆಯುವುದೆಲ್ಲ ಲಿಬ್ರೆಆಫೀಸಿನಲ್ಲಿ. ದುಡ್ಡು ಕೊಡಬೇಕಿಲ್ಲ ಎಂದು ಹಾಕಿಕೊಂಡದ್ದು; ಅದು ಒಂದು ಮನೆ ಒಡೆದು ಹುಟ್ಟಿದ್ದೆಂದು ತಿಳಿದದ್ದು ಆಮೇಲೆ.

ಸನ್ ಮೈಕ್ರೋಸಿಸ್ಟಮ್ಸ್ 1999ರಲ್ಲಿ ಜರ್ಮನಿಯ ಸ್ಟಾರ್‌ಡಿವಿಷನ್ ಕಂಪನಿಯನ್ನು ಕೊಂಡು, ಮರುವರ್ಷ ಅದರ ಸ್ಟಾರ್‌ಆಫೀಸ್ ತಂತ್ರಾಂಶದ ಸೋರ್ಸ್ ಕೋಡನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು. ಅದೇ ಓಪನ್‌ಆಫೀಸ್. ಇದು ಬರೀ ದಾನವಲ್ಲ. ಮೈಕ್ರೋಸಾಫ್ಟ್ ಆಫೀಸಿಗೆ ಎದುರಾಳಿಯನ್ನು ಬೆಳೆಸುವ ಲೆಕ್ಕಾಚಾರವೂ ಹೌದು. ಹೊರಗಿನವರು ಬರೆದುಕೊಟ್ಟ ಕೋಡಿನ ಹಕ್ಕಿನಲ್ಲೂ ಸನ್ ಪಾಲು ಕೇಳುತ್ತಿತ್ತು.

2010ರಲ್ಲಿ ಸನ್ ಅನ್ನೇ ಒರಾಕಲ್ ಕೊಂಡಿತು. ಮುಂದೇನೋ ಎಂಬ ಅಳುಕಿನಲ್ಲಿ ಆ ಸೆಪ್ಟೆಂಬರಿನಲ್ಲಿ ಹಲವರು ಹೊರಬಂದು ಡಾಕ್ಯುಮೆಂಟ್ ಫೌಂಡೇಶನ್ ಕಟ್ಟಿದರು. ಓಪನ್‌ಆಫೀಸ್ ಎಂಬ ಹೆಸರು ಕಂಪನಿಯಲ್ಲೇ ಉಳಿಯಿತು. ಕೋಡು ಇವರ ಜೊತೆ ಬಂತು. ಲೈಸೆನ್ಸು ಅದಕ್ಕೆ ಅವಕಾಶ ಕೊಟ್ಟಿತ್ತು. ಹಾಗೆ ಹುಟ್ಟಿದ್ದು ಲಿಬ್ರೆಆಫೀಸ್. ಮರುವರ್ಷ ಒರಾಕಲ್ ಓಪನ್‌ಆಫೀಸನ್ನು ಅಪಾಚೆ ಫೌಂಡೇಶನ್ನಿಗೆ ಒಪ್ಪಿಸಿ ಕೈತೊಳೆದುಕೊಂಡಿತು.

ಈಗ ದೊಡ್ಡ ಕಂಪನಿಗಳಲ್ಲಿ ಮುಕ್ತ ತಂತ್ರಾಂಶಕ್ಕೆಂದೇ ವಿಭಾಗಗಳಿವೆ. ಯಾವ ಕೋಡನ್ನು ಹೊರಬಿಡಬೇಕು, ಯಾವ ಲೈಸೆನ್ಸಿನಡಿ ಎಂಬುದನ್ನು ಅವು ನೋಡಿಕೊಳ್ಳುತ್ತವೆ. ಕಂಪನಿ ಕೊಡುವ ಸಂಬಳವಿಲ್ಲದೆ ಇಷ್ಟು ದೊಡ್ಡ ಕೆಲಸ ಸಾಗುವುದು ಕಷ್ಟ, ನಿಜ. ಆದರೂ ಯಾವುದಾದರೂ ಕಂಪನಿಯ ಔದಾರ್ಯವನ್ನು ಹೊಗಳುವುದು ಕೇಳಿದಾಗ ನನಗೆ ಒಂದೇ ಪ್ರಶ್ನೆ: ಮನಸ್ಸು ಮುರಿದ ದಿನ, ದುಡಿದವರು ತಮ್ಮ ದುಡಿಮೆಯನ್ನು ಹೊತ್ತು ಬೇರೆ ಒಲೆ ಹೂಡಬಹುದೇ?