ಹಲಸಿನ ಹಣ್ಣೂ ಅಕ್ಕನ ಹೊಟ್ಟೆಯೂ

ಹಲಸಿನ ಹಣ್ಣಿನ ವಿಷಯದಲ್ಲಿ ನಮ್ಮ ಅಕ್ಕನಿಗೆ ಮೋಸ ಮಾಡಬಲ್ಲ ವ್ಯಾಪಾರಿ ಕನಕಪುರ ರಸ್ತೆಯಲ್ಲಿ ಇನ್ನೂ ಹುಟ್ಟಿಲ್ಲ. ತಲಘಟ್ಟಪುರದಲ್ಲಿ ಗಾಡಿ ನಿಂತಿತೆಂದರೆ ಆಕೆ ಒಂದೊಂದು ಹಣ್ಣನ್ನೂ ತಟ್ಟಿ, ಕಿವಿಗೊಟ್ಟು, "ಇದು ಹಣ್ಣಾಗಿದೆ, ಅದಕ್ಕಿನ್ನೂ ನಾಲ್ಕು ದಿನ ಬೇಕು" ಎಂದು ತೀರ್ಪು ಕೊಡುವಳು. ಹಣ್ಣಿನ ಒಳಗನ್ನು ಹೀಗೆ ಬಲ್ಲವಳು ತನ್ನ ಹೊಟ್ಟೆಯ ಒಳಗನ್ನು ಅರಿಯಲಿಲ್ಲ. ಜೊತೆಗಿದ್ದ ನಾನೂ ಅರಿಯಲಿಲ್ಲ.

ಆರು ತಿಂಗಳಿಂದ ಆಕೆ ನಾಲ್ಕು ತುತ್ತಿಗೇ ಹೊಟ್ಟೆ ತುಂಬಿತೆಂದು ಏಳುತ್ತಿದ್ದಳು. ಕೇಳಿದರೆ "ವಾಯು ಕಣೋ" ಎಂಬ ಉತ್ತರ. ನಾನು ಜೀರಿಗೆ ಕಷಾಯ ಮಾಡಿಕೊಟ್ಟೆ. ಸೊಂಟ ದಪ್ಪವಾಯಿತೆಂದು ಹಾಸ್ಯವನ್ನೂ ಮಾಡಿದೆ. ಒಂದು ದಿನ ಆಕೆಯ ಬಳೆಗಳು ಮೊಣಕೈವರೆಗೆ ಜಾರಿದ್ದನ್ನು ಕಂಡು ನನ್ನ ಎದೆ ಝಲ್ಲೆಂದಿತು. ಕೈ ಸಣ್ಣಗಾಗಿ ಹೊಟ್ಟೆಯೊಂದೇ ದೊಡ್ಡದಾದರೆ ಅದನ್ನು ಬೊಜ್ಜೆನ್ನುವುದು ಹೇಗೆ?

ಹಿರಿಯ ಡಾಕ್ಟರು ಅಕ್ಕನನ್ನು ಅಂಗಾತ ಮಲಗಿಸಿ, ಮೊಣಕಾಲು ಮಡಿಸಹೇಳಿ, ಅಂಗೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಂಡು ಹೊಟ್ಟೆಯ ಮೇಲಿಟ್ಟರು. "ಬಾಯಿಂದ ಉಸಿರಾಡಿ ಅಮ್ಮ" ಎಂದರು. ಯಕೃತ್ತು ಅಥವಾ ಗುಲ್ಮ ಊದಿದ್ದರೆ ಉಸಿರಿನೊಡನೆ ಕೆಳಗಿಳಿಯುತ್ತದಂತೆ. ಬೆನ್ನಿನ ಕಡೆಗೆ ಅಂಟಿದ ಗಡ್ಡೆ ಅಷ್ಟಾಗಿ ಕದಲದು. ಆಮೇಲೆ ಬೆರಳ ಮೇಲೆ ಬೆರಳಿಟ್ಟು ತಟ್ಟಿದರು. ಅಕ್ಕ ಮಲಗಿದ್ದಲ್ಲೇ ಕೇಳಿದಳು: "ಹಣ್ಣಾಗಿದೆಯೇ, ಡಾಕ್ಟರೇ?"

ಅವರು ನಕ್ಕರು, ಆದರೆ ಕೈ ತೆಗೆಯಲಿಲ್ಲ. "ನೋವೇ ಇಲ್ಲವಲ್ಲ" ಎಂದಳು ಅಕ್ಕ. "ಅದೇ ಇದರ ಕಪಟ" ಎಂದರು. ಕರುಳಿನ ಹಿಂದೆ, ಬೆನ್ನೆಲುಬಿನ ಮುಂದೆ ಬೇಕಾದಷ್ಟು ಸ್ಥಳವಿದೆ. ಅಲ್ಲಿ ಬೆಳೆಯುವ ಗಡ್ಡೆ ಕರುಳನ್ನು ಮೆಲ್ಲಗೆ ಮುಂದೂಡುತ್ತದೆ. ನೋಯುವುದು ಬಹಳ ತಡವಾಗಿ.

ತಟ್ಟಿ ರೋಗ ತಿಳಿಯುವ ವಿದ್ಯೆಯನ್ನು 1761ರಲ್ಲಿ ಪುಸ್ತಕವಾಗಿ ಬರೆದವನು ಆಸ್ಟ್ರಿಯದ ವೈದ್ಯ ಔಯೆನ್‌ಬ್ರುಗ್ಗರ್. ಗ್ಲಾಸ್ಗೊ ನಗರದ ಇಯಾನ್ ಡೊನಾಲ್ಡ್ ಮತ್ತವನ ಸಂಗಡಿಗರು, ಕಿವಿಗೆ ಕೇಳದ ಶಬ್ದವನ್ನು ಹೊಟ್ಟೆಯೊಳಕ್ಕೆ ಕಳುಹಿಸಿ, ಅದರ ಮರುದನಿಯಿಂದ ಗಡ್ಡೆಗಳನ್ನು ಗುರುತಿಸುವ ಬಗೆಯನ್ನು 1958ರಲ್ಲಿ ಪ್ರಕಟಿಸಿದರು. ಜಠರದ ಕ್ಯಾನ್ಸರ್, ಇನ್ನು ಉಳಿಯಳು ಎಂದುಕೊಂಡಿದ್ದ ಒಬ್ಬ ಹೆಂಗಸಿಗೆ ಇದ್ದುದು ಅಂಡಾಶಯದ ನೀರುಗಡ್ಡೆ ಎಂದು ಅವರಿಗೆ ತಿಳಿಯಿತು. ಅದನ್ನು ತೆಗೆದರು, ಆಕೆ ಬದುಕಿದಳು.

ಅಕ್ಕನದು ಅಷ್ಟು ಸುಲಭವಾಗಲಿಲ್ಲ. ಶಬ್ದದ ಸ್ಕ್ಯಾನಿಂಗಿನಲ್ಲಿ ಗಡ್ಡೆ ನೀರಿನದಲ್ಲ, ಗಟ್ಟಿಯದು ಎಂದು ಗೊತ್ತಾಯಿತು. ಕರುಳಿನ ಗಾಳಿ ಅಡ್ಡಬಂದು ಬುಡ ಕಾಣಲಿಲ್ಲ. ಸಿ.ಟಿ. ಸ್ಕ್ಯಾನಿನಲ್ಲಿ ಕಂಡಿತು: ಬಲ ಮೂತ್ರಪಿಂಡವನ್ನು ತಳ್ಳಿ ಕುಳಿತ ಕೊಬ್ಬಿನ ಗಡ್ಡೆ. ಬೆನ್ನ ಕಡೆಯಿಂದ ಸೂಜಿ ಹಾಕಿ ಚೂರು ತೆಗೆದು ನೋಡಿದರೆ, ಲೈಪೋಸಾರ್ಕೋಮ ಎಂಬ ಕ್ಯಾನ್ಸರ್. ಶಸ್ತ್ರಚಿಕಿತ್ಸೆಯಲ್ಲಿ ಗಡ್ಡೆಯೊಡನೆ ಆ ಮೂತ್ರಪಿಂಡವೂ ಹೋಯಿತು.

ಇದು ಮರಳಿ ಬರಬಹುದಾದ ಜಾತಿ. ಕೆಲವು ತಿಂಗಳಿಗೊಮ್ಮೆ ಅಕ್ಕನೂ ನಾನೂ ಮೆಟ್ರೋ ಹತ್ತಿ ಸ್ಕ್ಯಾನಿಂಗಿಗೆ ಹೋಗಿಬರುತ್ತೇವೆ. ಮೊನ್ನೆ ಹಿಂದಿರುಗುವಾಗ ಆಕೆ ಗಾಡಿಯ ಮುಂದೆ ನಿಂತು, ತಟ್ಟಿ ನೋಡಿ, ಒಂದು ಹಣ್ಣನ್ನು ನನ್ನ ಹೆಗಲಿಗೇರಿಸಿದಳು. ಮನೆಯಲ್ಲಿ ಆಕೆ ತೊಳೆ ತಿನ್ನುತ್ತಿದ್ದರೆ ನಾನು ಬೀಜ ಎಣಿಸುತ್ತ ಕುಳಿತೆ.

"ಏನೋ ಅದು ಲೆಕ್ಕ?" ಎಂದಳು.

"ಏನಿಲ್ಲ. ಇನ್ನೊಂದು ತಿನ್ನು ಅಕ್ಕ" ಎಂದೆ.