ಬಾಯಿ ಅಳೆದ ಮೇಷ್ಟ್ರು

ನಮ್ಮ ಮನೆಯ ಯೆಜ್ದಿಗೆ ನನ್ನ ಮಗನಿಗಿಂತ ಹೆಚ್ಚು ವಯಸ್ಸು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ರೋಡ್‌ಕಿಂಗ್. ಅಪ್ಪ ಕೊಂಡದ್ದು 1986ರಲ್ಲಿ. ಕಾರ್ಖಾನೆ 1996ರಲ್ಲಿ ಬಾಗಿಲು ಮುಚ್ಚಿತು. ಅಪ್ಪನೂ ಹೋದರು. ಗಾಡಿ ಮಾತ್ರ ಹೊಗೆ ಉಗುಳುತ್ತಾ ನನ್ನನ್ನು ಶಾಲೆಗೆ ಮುಟ್ಟಿಸುತ್ತಲೇ ಇತ್ತು.

ಹೋದ ವರ್ಷ ಏರು ಬಂದರೆ ಏದುಸಿರು ಬಿಡತೊಡಗಿತು. ಕಿಕ್ ಹೊಡೆದರೆ ಕಾಲಿಗೆ ಎದುರೊತ್ತೇ ಸಿಗದು. ಮೆಕ್ಯಾನಿಕ್ ನನ್ನ ಹಳೆಯ ವಿದ್ಯಾರ್ಥಿ. "ಬೋರ್ ಸವೆದಿರಬೇಕು ಸಾರ್, ಲೇತ್ ಅಂಗಡೀಲಿ ಅಳೆಸೋಣ" ಎಂದ. ಅಳೆಯುವುದಕ್ಕೆ ಲೇತ್ ಅಂಗಡಿ ಏಕೆ? ಇಪ್ಪತ್ತೆಂಟು ವರ್ಷದಿಂದ ವರ್ನಿಯರ್ ಕ್ಯಾಲಿಪರ್ಸ್ ಪಾಠ ಹೇಳಿದವನು ನಾನು! ಶಾಲೆಯ ಪ್ರಯೋಗಾಲಯದಿಂದ ತಂದು ಸಿಲಿಂಡರಿನ ಬಾಯಿಗೆ ಹಿಡಿದೆ. ಸರಿಯಾಗಿ 65 ಮಿಲಿಮೀಟರ್, ಹೊಸದರಲ್ಲಿ ಇದ್ದಷ್ಟೇ. "ಸವೆದೇ ಇಲ್ಲ, ರಿಂಗ್ ಬದಲಿಸು ಸಾಕು" ಎಂದು ತೀರ್ಪು ಕೊಟ್ಟೆ. ಪಾಪ, ಮೇಷ್ಟ್ರ ಮಾತಿಗೆ ಅವನು ಎದುರಾಡಲಿಲ್ಲ.

ಮೂರೇ ವಾರ. ಹೆದ್ದಾರಿಯಲ್ಲಿ ಎಂಜಿನ್ ಜಾಮ್ ಆಗಿ ಹಿಂದಿನ ಚಕ್ರ ಕಚ್ಚಿಕೊಂಡಿತು. ಹಿಂದೆ ಮಗ ಕೂತಿದ್ದ. ಹೇಗೋ ಕ್ಲಚ್ ಹಿಡಿದೆ. ಗಾಡಿ ಜಾರಿಕೊಂಡು ಹೋಗಿ ರಸ್ತೆಯಂಚಿನಲ್ಲಿ ನಿಂತಿತು. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಲೇತ್ ಅಂಗಡಿಯವನು ಡಯಲ್ ಗೇಜನ್ನು ಸಿಲಿಂಡರಿನೊಳಕ್ಕೆ ಇಳಿಸಿ ನಕ್ಕ. "ನೀವು ಅಳೆದದ್ದು ರಿಂಗ್ ಹತ್ತದ ಜಾಗ ಸಾರ್." ಪಿಸ್ಟನ್ ಎಷ್ಟೇ ಮೇಲೇರಿದರೂ ರಿಂಗ್ ಬಾಯಿಗಿಂತ ಕೆಳಗೇ ನಿಲ್ಲುತ್ತದೆ. ಆದ್ದರಿಂದ ಬಾಯಿ ಸವೆಯುವುದಿಲ್ಲ. ಅದರ ಕೆಳಗೆ ಸವೆಯುತ್ತದೆ, ನಡುವೆ ಸಣ್ಣದೊಂದು ಮೆಟ್ಟಿಲು ಏಳುತ್ತದೆ. ನನ್ನ ವರ್ನಿಯರಿನ ಮೋಟು ದವಡೆ ಅಲ್ಲಿಗೆ ಇಳಿಯುವುದೇ ಇಲ್ಲ. ಹೊಸ ರಿಂಗಿನ ಚೂಪು ಅಂಚು ಆ ಮೆಟ್ಟಿಲಿಗೆ ಬಡಿದು ಮುರಿದಿತ್ತು. ಟೂ-ಸ್ಟ್ರೋಕ್ ಸಿಲಿಂಡರಿನ ಗೋಡೆಯಲ್ಲಿ ಕಿಂಡಿಗಳಿರುತ್ತವಲ್ಲ, ಚೂರು ಅಲ್ಲಿ ಸಿಕ್ಕಿಕೊಂಡು ಗೋಡೆಯನ್ನೇ ಗೀರಿಹಾಕಿತ್ತು. ಶಾಲೆಯ ವರ್ನಿಯರಿನ ಲೀಸ್ಟ್ ಕೌಂಟ್ 0.1 ಮಿಲಿಮೀಟರ್, ಅವನ ಗೇಜಿನದು 0.01. ಇದನ್ನು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ!

"ಬೇರೆ ಎಂಜಿನ್ನೇ ಹಾಕ್ಸಿಬಿಡಪ್ಪ" ಎಂದ ಮಗ. ಗುಜರಿಯಲ್ಲಿ ಇಡೀ ಎಂಜಿನ್ ಇಪ್ಪತ್ತು ಸಾವಿರಕ್ಕೆ ಇತ್ತು. ಮಗಳ ಕಾಲೇಜು ಫೀಸಿನ ತಿಂಗಳು; ಎರಡು ಸಲ ಖರ್ಚು ಮಾಡುವ ಹಾಗಿರಲಿಲ್ಲ. ಆದರೆ ಗುಜರಿಯ ಎಂಜಿನ್ ಮುಚ್ಚಿದ ಡಬ್ಬಿ. ಅದರ ಬೋರ್ ಎಷ್ಟು ಸವೆದಿದೆಯೋ ತಿಳಿಯಲು ಅದನ್ನೂ ಬಿಚ್ಚಬೇಕು. ಜೊತೆಗೆ ಆರ್.ಸಿ.ಯಲ್ಲಿ ಎಂಜಿನ್ ನಂಬರ್ ತಿದ್ದಿಸಲು ಆರ್‌ಟಿಒ ಅಲೆದಾಟ. ನಮ್ಮದಾದರೋ ಬಿಚ್ಚಿ ಮುಂದೆಯೇ ಹರಡಿತ್ತು. ಕ್ರ್ಯಾಂಕ್ ಆಡುತ್ತಿರಲಿಲ್ಲ, ಗೇರುಗಳು ಸರಿಯಿದ್ದವು, ಕೇಸ್ ಬಿರುಕು ಬಿಟ್ಟಿರಲಿಲ್ಲ. ಕೆಟ್ಟದ್ದು ಸಿಲಿಂಡರ್, ಪಿಸ್ಟನ್ ಮಾತ್ರ. ಕೇಸ್ ಒಡೆದಿದ್ದರೆ ಗುಜರಿಯದನ್ನೇ ತರುತ್ತಿದ್ದೆ. ಹಾಗಂತ ಅಪ್ಪನ ನೆನಪು ಈ ಲೆಕ್ಕದಲ್ಲಿ ಇರಲೇ ಇಲ್ಲ ಎಂದರೆ ಸುಳ್ಳಾದೀತು.

ಗೀರು ಪೂರ್ತಿ ಹೋಗಲು 66 ಮಿಲಿಮೀಟರಿಗೆ ಕೊರೆಯಬೇಕಾಯಿತು. ಅದಕ್ಕೂ ಮೀರಿದರೆ ಲೈನರ್ ಕೂರಿಸಬೇಕಿತ್ತಂತೆ. ಸ್ಟ್ರೋಕ್ 75 ಮಿಲಿಮೀಟರ್. ಸಿಲಿಂಡರಿನ ಘನಫಲದ ಸೂತ್ರ ಹಾಕಿ ನೋಡಿ, ಸುಮಾರು 249 ಸಿ.ಸಿ. ಇದ್ದದ್ದು 256 ದಾಟುತ್ತದೆ. "ಹಾಗಾದ್ರೆ ಸ್ಪೀಡ್ ಜಾಸ್ತಿ?" ಎಂದು ಮಗ ಕಣ್ಣರಳಿಸಿದ. ನೂರಕ್ಕೆ ಮೂರು ಹೆಚ್ಚಿದರೆ ನಿನಗೆ ಗೊತ್ತೂ ಆಗುವುದಿಲ್ಲ ಎಂದೆ.

ಹೊಸ ಪಿಸ್ಟನ್ ಹೊಂದಿಕೊಳ್ಳಲೆಂದು ಈಗ ಮೆಲ್ಲಗೆ ಓಡಿಸುತ್ತಿದ್ದೇನೆ. ಸೈಕಲ್ ಹುಡುಗರೂ ಪಕ್ಕದಲ್ಲೇ ಬಂದು ನಮಸ್ಕಾರ ಹೇಳುತ್ತಾರೆ. ಮಗ ಇನ್ನೂ ಹಿಂದೆ ಕೂತಿಲ್ಲ. ಸಾವಿರ ಕಿಲೋಮೀಟರ್ ಆಗಲಿ ಅನ್ನುತ್ತಾನೆ. ನಿನ್ನೆಗೆ ಆರುನೂರ ಇಪ್ಪತ್ತು ಆಗಿದೆ.