ಹಿಮ ಬಿದ್ದ ಮುಂಜಾನೆಯ ಪ್ರಸಂಗ

ಸ್ಮರಣ ಸಂಚಿಕೆಗಾಗಿ ಏನನ್ನಾದರೂ ಬರೆದುಕೊಡಬೇಕೆಂದು ನಮ್ಮ ಶಾಲೆಯಿಂದ ಪತ್ರ ಬಂದಾಗ ನಮಗೆ ಸಂತೋಷಕ್ಕಿಂತಲೂ ಸಂಕೋಚವೇ ಹೆಚ್ಚಾಯಿತು. ನಾವು ಬರೆಯುವುದನ್ನು ನಿಲ್ಲಿಸಿ ಮೂರು ವರ್ಷಗಳಾಗಿದ್ದವು. ಅದಕ್ಕೆ ಮುಂಚೆ ಒಂದು ಚಿಕ್ಕ ಮಾಸಪತ್ರಿಕೆಗೆ ತಪ್ಪದೆ ಲೇಖನಗಳನ್ನು ಕಳುಹಿಸುತ್ತಿದ್ದೆವು. ಓದುವವರು ಬೆರಳೆಣಿಕೆಯ ಮಂದಿ. ಅವರಲ್ಲಿ ಯಾರೊಬ್ಬರೂ ಒಳ್ಳೆಯದೆಂದಾಗಲಿ ಕೆಟ್ಟದೆಂದಾಗಲಿ ಒಂದು ಮಾತನ್ನು ಹೇಳಿದವರಲ್ಲ. ಕೇಳುವವರಿಲ್ಲದ ಕಡೆ ಹಾಡುವುದೇತಕ್ಕೆಂದು ಮುನಿದು ಲೇಖನಿಯನ್ನು ಕೆಳಗಿಟ್ಟೆವು. ಈ ಪತ್ರಕ್ಕೆ ಏನು ಉತ್ತರ ಕೊಡಬೇಕೆಂಬ ಚಿಂತೆಯಲ್ಲಿದ್ದಾಗಲೇ ಹಿಂದೊಮ್ಮೆ ಓದಿದ್ದ ಸ್ಪರ್ಜನ್ನರ ಚರಿತ್ರೆಯು ಮರಳಿ ನಮ್ಮ ಕೈಗೆ ಬಂದಿತು.

ಚಾರ್ಲ್ಸ್ ಹ್ಯಾಡನ್ ಸ್ಪರ್ಜನ್ನರು ಇಂಗ್ಲೆಂಡಿನ ಎಸ್ಸೆಕ್ಸ್ ಪ್ರಾಂತದ ಕೆಲ್ವೆಡನ್ ಎಂಬ ಊರಿನಲ್ಲಿ 1834ನೆಯ ಇಸವಿಯಲ್ಲಿ ಹುಟ್ಟಿದರು. ತಂದೆಯೂ ತಾತನೂ ಬೋಧಕರೇ. ಆದರೂ ಹುಡುಗನ ಮನಸ್ಸಿಗೆ ಬಹುಕಾಲ ನೆಮ್ಮದಿಯಿರಲಿಲ್ಲ. 1850ನೆಯ ಇಸವಿಯ ಜನವರಿಯಲ್ಲಿ, ಹದಿನೈದು ವರ್ಷದವರಾಗಿದ್ದಾಗ, ಕೋಲ್ಚೆಸ್ಟರ್ ಪಟ್ಟಣದಲ್ಲಿ ಒಂದು ಭಾನುವಾರ ಅವರು ಬೇರೊಂದು ದೇವಾಲಯಕ್ಕೆಂದು ಹೊರಟಿದ್ದರು. ಹಿಮವು ಬಲವಾಗಿ ಬೀಳುತ್ತಿದ್ದುದರಿಂದ ಮುಂದೆ ಹೋಗಲಾರದೆ ಒಂದು ಬೀದಿಗೆ ತಿರುಗಿ, ಪ್ರಿಮಿಟಿವ್ ಮೆಥಡಿಸ್ಟ್ ಪಂಥದವರ ಚಿಕ್ಕ ಪ್ರಾರ್ಥನಾಮಂದಿರವನ್ನು ಹೊಕ್ಕರು. ಅಲ್ಲಿ ಸೇರಿದ್ದವರು ಹನ್ನೆರಡೋ ಹದಿನೈದೋ ಮಂದಿ. ಬೋಧಕರು ಬಂದಿರಲಿಲ್ಲ. ಆಗ ತೆಳ್ಳನೆಯ ದೇಹದ ಒಬ್ಬ ಸಾಮಾನ್ಯನು, ಚಮ್ಮಾರನೋ ದರ್ಜಿಯೋ ಇರಬೇಕೆಂದು ಸ್ಪರ್ಜನ್ನರು ಮುಂದೆ ನೆನೆದುಕೊಂಡರು, ಎದ್ದು ಪೀಠವನ್ನೇರಿದನು. ದೇವರ ಕಡೆಗೆ ನೋಡಿರೆಂಬ ಅರ್ಥದ ಯೆಶಾಯನ ಒಂದು ವಾಕ್ಯವನ್ನು ಆರಿಸಿಕೊಂಡನು. ವಿದ್ಯೆ ಸಾಲದವನಾದುದರಿಂದ ಆ ವಾಕ್ಯವನ್ನು ಬಿಟ್ಟು ಅತ್ತಿತ್ತ ಹೋಗಲು ಅವನಿಗೆ ಶಕ್ತಿಯಿರಲಿಲ್ಲ. ಹತ್ತು ನಿಮಿಷಗಳಲ್ಲಿ ಅವನ ಮಾತಿನ ಬುತ್ತಿ ಮುಗಿಯಿತು. ಆಗ ಉಪ್ಪರಿಗೆಯ ಕೆಳಗೆ ಕುಳಿತಿದ್ದ ಅಪರಿಚಿತ ಹುಡುಗನು ಕಣ್ಣಿಗೆ ಬಿದ್ದನು. ಅವನ ಮುಖದ ದುಃಖವನ್ನು ಕಂಡು ಅವನೊಬ್ಬನಿಗೇ ನೇರವಾಗಿ ಮಾತನಾಡಿದನು. ಹುಡುಗನು ಹೊಸ ಮನುಷ್ಯನಾಗಿ ಮನೆಗೆ ಹಿಂದಿರುಗಿದನು.

ಆ ಹುಡುಗನು ಮುಂದೆ ಏನಾದನೆಂಬುದು ಲೋಕಕ್ಕೆಲ್ಲ ತಿಳಿದ ಸಂಗತಿ. 1854ರಲ್ಲಿ, ಇನ್ನೂ ಇಪ್ಪತ್ತು ವರ್ಷ ತುಂಬುವುದರೊಳಗೆ, ಲಂಡನ್ನಿನ ಸಭೆಯೊಂದು ಅವರನ್ನು ಪಾಲಕರನ್ನಾಗಿ ಕರೆಯಿತು. ಯಾವ ಕಾಲೇಜಿನ ಪದವಿಯೂ ಅವರಿಗಿರಲಿಲ್ಲ. ನಮ್ಮ ದೇಶದಲ್ಲಿ ಸಿಪಾಯಿಗಳು ತಿರುಗಿಬಿದ್ದ 1857ರಲ್ಲಿ ಬ್ರಿಟಿಷ್ ಸರಕಾರವು ಅದರ ನಿಮಿತ್ತ ಉಪವಾಸದ ದಿನವೊಂದನ್ನು ಗೊತ್ತುಮಾಡಿತು. ಆ ಅಕ್ಟೋಬರ್ 7ರಂದು ಲಂಡನ್ನಿನ ಸ್ಫಟಿಕ ಮಂದಿರದಲ್ಲಿ ಸ್ಪರ್ಜನ್ನರ ಉಪದೇಶವನ್ನು ಕೇಳಿದವರು 23,654 ಮಂದಿ. ಆ ದಿನದ ದುಃಖವನ್ನು ನಾವು ಆ ಜನರ ಕಣ್ಣಿನಿಂದ ನೋಡಲಾರೆವು. ಆದರೆ ಆ ಎಣಿಕೆಯನ್ನು ನೋಡಿ ಬೆರಗಾದೆವು. ಆ ಎಣಿಕೆಯ ಹಿಂದೆ ಕೋಲ್ಚೆಸ್ಟರಿನ ಹದಿನೈದು ಮಂದಿಯ ಸಭೆಯಿದೆ. ಅಂದು ಮಾತನಾಡಿದವನ ಹೆಸರಾದರೋ ಇಂದಿಗೂ ನಿಶ್ಚಯವಾಗಿ ಗೊತ್ತಾಗಿಲ್ಲ.

ಜನಸಮೂಹವು ಎಂತಹ ಭಾರವೆಂಬುದನ್ನೂ ಸ್ಪರ್ಜನ್ನರು ಎಳೆಯ ವಯಸ್ಸಿನಲ್ಲಿಯೇ ಕಂಡರು. 1856ರ ಅಕ್ಟೋಬರ್ 19ರ ಸಾಯಂಕಾಲ ಸರ್ರೆ ಉದ್ಯಾನದ ಸಂಗೀತಶಾಲೆಯಲ್ಲಿ ಸಾವಿರಾರು ಜನರ ಮಧ್ಯೆ ಯಾರೋ ಬೆಂಕಿಯೆಂದು ಸುಳ್ಳು ಕೂಗನ್ನೆಬ್ಬಿಸಲು, ನೂಕುನುಗ್ಗಲಿನಲ್ಲಿ ಏಳು ಮಂದಿ ಸತ್ತರು. ಇಪ್ಪತ್ತೆರಡು ವರ್ಷದ ಬೋಧಕರು ಆ ಆಘಾತದಿಂದ ಕುಸಿದುಬಿದ್ದರು. ಪತ್ರಿಕೆಗಳು ಅವರನ್ನು ಹಳಿದವು. ಎರಡು ವಾರಗಳ ತರುವಾಯ ಅವರು ಪುನಃ ಪೀಠವನ್ನೇರಿದರಾದರೂ ಆ ನೆನಪಿನ ಗಾಯವು ಪೂರ್ತಿಯಾಗಿ ಮಾಯಲಿಲ್ಲ. ಹೆಚ್ಚು ಮಂದಿ ಬರಬೇಕೆಂದು ಹಂಬಲಿಸುವವರು ಈ ಸಂಗತಿಯನ್ನು ಮರೆಯಬಾರದು.

ಅವರ ಬರವಣಿಗೆಯ ಕ್ರಮವು ನಮ್ಮನ್ನು ಇನ್ನೂ ನಾಚಿಸಿತು. ಭಾನುವಾರ ಬೆಳಗಿನ ಪ್ರಸಂಗವನ್ನು ಶನಿವಾರ ಸಂಜೆ ಸಿದ್ಧಮಾಡಿಕೊಂಡು, ಒಂದು ತುಂಡು ಕಾಗದದ ಟಿಪ್ಪಣಿಯೊಡನೆ ಪೀಠಕ್ಕೆ ಹೋಗುತ್ತಿದ್ದರು. ಶೀಘ್ರಲಿಪಿಕಾರರು ಬರೆದುಕೊಂಡುದನ್ನು ಸೋಮವಾರ ಕುಳಿತು ತಿದ್ದುತ್ತಿದ್ದರು. ಅದು ಅಚ್ಚಾಗಿ ಒಂದು ಪೆನ್ನಿಗೆ ಮಾರಾಟವಾಗುತ್ತಿತ್ತು. 1855ರಲ್ಲಿ ಮೊದಲಾದ ಈ ವಾರದ ಪ್ರಕಟಣೆಯು, ಅವರು 1892ರಲ್ಲಿ ತೀರಿಕೊಂಡ ಮೇಲೆಯೂ 1917ರ ವರೆಗೆ ನಡೆದುಬಂದಿತು. ಖಡ್ಗ ಮತ್ತು ಕರಣೆ ಎಂಬ ಅರ್ಥದ ಹೆಸರುಳ್ಳ ತಮ್ಮ ಮಾಸಪತ್ರಿಕೆಯಲ್ಲಿ ಅವರು ಒಬ್ಬ ನೇಗಿಲಯೋಗಿಯ ಬಾಯಿಂದ ಮಾತನಾಡಿಸಿದರು. ಸಾಲ, ಸೋಮಾರಿತನ, ಸಂಸಾರ ಇವುಗಳ ವಿಷಯವಾಗಿ ಹೊಲದ ಮನುಷ್ಯನು ಗಾದೆಗಳನ್ನು ಬೆರಸಿ ಆಡುವ ಮಾತುಗಳವು. ಪಂಡಿತರು ನಗುವರೆಂಬ ಅಂಜಿಕೆ ಅವರಿಗಿರಲಿಲ್ಲ.

ಇದನ್ನೆಲ್ಲ ಓದಿದ ಮೇಲೆ ನಾವು ಪೆಟ್ಟಿಗೆಯೊಳಗಿದ್ದ ನಮ್ಮ ಹಳೆಯ ಲೇಖನಗಳನ್ನು ತೆಗೆದು ನೋಡಿದೆವು. ಸಮಾಸಗಳೂ ಅಲಂಕಾರಗಳೂ ಯಥೇಚ್ಛವಾಗಿದ್ದವು. ಆದರೆ ಯಾವುದೊಂದರಲ್ಲಿಯೂ ಉಪ್ಪರಿಗೆಯ ಕೆಳಗೆ ಕುಳಿತಿರುವ ಹುಡುಗನಿರಲಿಲ್ಲ. ನಾವು ಯಾರ ಮುಖವನ್ನೂ ನೋಡದೆ ಬರೆದಿದ್ದೆವು. ಒಮ್ಮೆ ನಮ್ಮ ತಾಯಿಯವರು ಒಂದು ಲೇಖನವನ್ನು ಪೂರ್ತಿಯಾಗಿ ಕೇಳಿ, "ಚೆನ್ನಾಗಿದೆ ಮಗಳೇ, ಆದರೆ ಇದು ಯಾರಿಗೆ?" ಎಂದಿದ್ದರು. ಆಗ ನಾವು ನಕ್ಕುಬಿಟ್ಟೆವು. ಓದುಗರು ಮೌನವಾಗಿದ್ದರೆಂದು ಮುನಿದ ನಾವು, ಆ ಮೌನಕ್ಕೆ ಕಾರಣರು ನಾವೇ ಎಂಬುದನ್ನು ಈಗ ಒಪ್ಪಿಕೊಳ್ಳಬೇಕಾಗಿದೆ.

ಪ್ರಿಯ ಸಹೋದರಿಯರೇ, ನಮ್ಮಲ್ಲಿ ಅನೇಕರು ಒಂದಲ್ಲ ಒಂದು ಬಗೆಯಲ್ಲಿ ಬರೆಯುವವರು, ಇಲ್ಲವೆ ಮಾತನಾಡುವವರು. ಒಬ್ಬಳು ಆರೇಳು ಮಕ್ಕಳ ಭಾನುವಾರದ ಪಾಠಶಾಲೆಯನ್ನು ನಡೆಸುವಳು. ಇನ್ನೊಬ್ಬಳು ದೂರದ ಊರಿನಲ್ಲಿರುವ ಮಗನಿಗೆ ಬರೆಯುವಳು. ಎಷ್ಟು ಮಂದಿ ಓದಿದರೆಂಬ ಲೆಕ್ಕವು ಈಗಿನ ಕಾಲದಲ್ಲಿ ಗಳಿಗೆಗೊಮ್ಮೆ ಕಣ್ಣಿಗೆ ಬೀಳುವುದು. ಅದು ಚಿಕ್ಕದಾಗಿದ್ದರೆ ಎದೆ ಕುಗ್ಗುವುದು ಸಹಜವೇ. ಆ ಹಿಮದ ಮುಂಜಾನೆ ಪೀಠವನ್ನೇರಿದವನು ಸಭೆಯನ್ನೆಣಿಸಿ ಮನೆಗೆ ಹೋಗಿದ್ದರೆ ಏನಾಗುತ್ತಿತ್ತೆಂದು ನಾವು ಆಲೋಚಿಸುತ್ತೇವೆ. ತನ್ನ ಮಾತು ಎಲ್ಲಿ ಬಿದ್ದಿತೆಂಬುದನ್ನು ಅವನು ಬಹುಶಃ ಸಾಯುವ ತನಕ ಅರಿಯಲಿಲ್ಲ.

ಮೂರು ವರ್ಷಗಳ ತರುವಾಯ ನಾವು ಬರೆದ ಮೊದಲನೆಯ ಲೇಖನವಿದು. ಅಚ್ಚಿಗೆ ಕೊಡುವ ಮುನ್ನ ತಾಯಿಯವರ ಮುಂದೆ ಓದಿದೆವು. ಈ ಸಲ ಅವರು ಯಾರಿಗೆಂದು ಕೇಳಲಿಲ್ಲ.